ಯಾವ ಮುಳುಗಡೆ ಅಜ್ಜಿ, ಮೊದಲನೆಯದಾ ಎರಡನೆಯದಾ?

ಸಾಕ್ಷ್ಯಚಿತ್ರ ಮಾಡಲು ಹೊರಟ ಹುಡುಗರು ನನ್ನನ್ನು ಜಾಸ್ತಿ ಕೇಳುವುದು ಒಂದೇ. ಫೋಟೊ ಇಲ್ಲ, ಹಳೆ ಫಿಲ್ಮ್ ಇಲ್ಲ, ಅಂಥ ಕತೆಯನ್ನು ತೆರೆಗೆ ತರುವುದು ಹೇಗೆ? ಶರಾವತಿ ಹಿನ್ನೀರನ್ನೇ ಇಟ್ಟುಕೊಂಡು ಹೇಳುತ್ತೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ಕಡೆಯ ಊರುಗಳು, ಗದ್ದೆ, ಅಡಿಕೆ ತೋಟ ಎಲ್ಲ ನೀರಿನಡಿ ಹೋದವು. ಆ ಕಾಲದಲ್ಲಿ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಫಿಲ್ಮ್ಸ್ ಡಿವಿಷನ್ ಸುದ್ದಿಚಿತ್ರ ತೋರಿಸುತ್ತಿದ್ದರು. ಅಂಥ ಚಿತ್ರಗಳಲ್ಲಿ ಅಣೆಕಟ್ಟು ಅಂದರೆ ಕಲ್ಲು, ಸಿಮೆಂಟು, ಉದ್ಘಾಟನೆಯ ಚಪ್ಪಾಳೆ. ಮನೆಯ ಕಂಬ, ಬಾಗಿಲು ಕಿತ್ತು ಗಾಡಿಗೆ ಹೇರಿಕೊಂಡು ಹೊರಟವರ ಒಂದು ಚಿತ್ರ ಸಿಗಬೇಕಾದರೆ ತಿಂಗಳುಗಟ್ಟಲೆ ಅಲೆಯಬೇಕು.

ಹಾಗಾಗಿ ಕೈಗೆ ಸಿಗುವುದು ಮಾತು ಮಾತ್ರ. ಆದರೆ ಅಲ್ಲಿನ ಕೆಲವರ ಬದುಕಿನಲ್ಲಿ ಮುಳುಗಡೆ ಎರಡು ಸಲ ಬಂದಿದೆ. ಜೋಗದ ವಿದ್ಯುತ್ತಿಗೆ ನೀರು ನಿಲ್ಲಿಸಲು 1940ರ ದಶಕದಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಆಗ ಊರು ಬಿಟ್ಟು ಎದ್ದವರು ಇನ್ನೊಂದು ಕಡೆ ಹೋಗಿ ಮನೆ ಕಟ್ಟಿ, ಸಸಿ ನೆಟ್ಟು, ಫಸಲು ಕಾಣುವ ಹೊತ್ತಿಗೆ ಲಿಂಗನಮಕ್ಕಿಯ ನೀರು ಅಲ್ಲಿಗೂ ಬಂತು, ಹಳೆ ಅಣೆಕಟ್ಟೂ ಅದರಲ್ಲೇ ಮುಳುಗಿತು. ಈಗ ಒಬ್ಬ ಅಜ್ಜಿ "ನೀರು ಬಂತು, ಎದ್ವಿ" ಅಂದರೆ ಅದು ಯಾವ ನೀರು? ಇಸವಿ ಕೇಳಬೇಡಿ, ಅದು ಅವರ ಲೆಕ್ಕವಲ್ಲ. ಆಗ ದೊಡ್ಡ ಮಗ ನಡೆಯುತ್ತಿದ್ದನಾ, ಕೊಯ್ಲು ಆಗಿತ್ತಾ, ಮದುವೆಯಾಗಿ ಎಷ್ಟು ವರ್ಷ, ಹೀಗೆ ಕೇಳಿ. ಆಮೇಲೆ ಪಹಣಿ, ಪರಿಹಾರದ ಕಾಗದ, ಶಾಲೆಯ ದಾಖಲಾತಿ ಪುಸ್ತಕದ ಜೊತೆ ಹೋಲಿಸಿ.

ಕಾಗದವನ್ನೂ ಪೂರ್ತಿ ನಂಬುವಂತಿಲ್ಲ. ಗೇಣಿಗೆ ಉಳುತ್ತಿದ್ದವರ ಹೆಸರು ಎಷ್ಟೋ ಕಡೆ ದಾಖಲೆಯಲ್ಲೇ ಇರಲಿಲ್ಲ. ಉಳುವವರಿಗೇ ಭೂಮಿ ಅನ್ನುವ ಭೂಸುಧಾರಣೆ ತಿದ್ದುಪಡಿ ಬಂದಿದ್ದು 1974ರಲ್ಲಿ, ನೀರು ಬಂದು ಹತ್ತು ವರ್ಷ ಆದ ಮೇಲೆ. ಬರೀ ದಾಖಲೆ ಹಿಡಿದು ಸಿನಿಮಾ ಮಾಡಿದರೆ ಅವರನ್ನು ಇನ್ನೊಮ್ಮೆ ಕೈಬಿಟ್ಟಂತೆ. ಇದು ನನಗೆ ಬಹಳ ನೋವಿನ ವಿಷಯ.

ಡ್ರೋನ್ ಬಗ್ಗೆಯೂ ಹೇಳಬೇಕು. ಮೇಲಿನಿಂದ ಹಿನ್ನೀರು ತುಂಬಾ ಚೆಂದ ಕಾಣುತ್ತದೆ, ನಡುಗಡ್ಡೆ, ನೀಲಿ ನೀರು. ನೋಡುವವರು ಟ್ರಿಪ್ ಪ್ಲಾನ್ ಮಾಡುತ್ತಾರೆ, ಕೆಳಗೆ ಊರಿತ್ತು ಅನ್ನುವುದು ಮರೆತೇ ಹೋಗುತ್ತದೆ. ನಾನಾದರೆ ಒಣಗಿ ನಿಂತ ಮರದ ಬೊಡ್ಡೆಗಳನ್ನು ದೋಣಿಯಲ್ಲಿ ಕೂತವರ ಕಣ್ಣಿನ ಮಟ್ಟದಿಂದ ತೆಗೆಯುತ್ತೇನೆ.

ಇನ್ನೊಂದು, ಮಾತಾಡುತ್ತಾ ಯಾರಾದರೂ ಸುಮ್ನೆ ಕೂತುಬಿಟ್ಟರೆ ಕ್ಯಾಮೆರಾ ಆಫ್ ಮಾಡಬೇಡಿ, ಆ ಜಾಗಕ್ಕೆ ಸಂಗೀತವನ್ನೂ ತುಂಬಬೇಡಿ. ಇದನ್ನು "ಹಳೆ ಕತೆ" ಅಂತ ಮುಗಿಸಲೂಬೇಡಿ. ಇವರಲ್ಲಿ ಎಷ್ಟೋ ಕುಟುಂಬಗಳನ್ನು ಅರಣ್ಯ ಜಾಗಕ್ಕೆ ಕಳಿಸಿದ್ದರು, ಆ ನೆಲದ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳು ಇನ್ನೂ ಓಡಾಡುತ್ತಿದ್ದಾರೆ.

ಶೂಟಿಂಗಿಗೆ ಬೇಸಿಗೆಯ ಕೊನೆ ಒಳ್ಳೆಯದು. ಮಳೆ ಕಡಿಮೆಯಾದ ವರ್ಷ ನೀರು ಇಳಿದು ಮಡೆನೂರಿನ ಅಣೆಕಟ್ಟು ಮೇಲೆ ಕಾಣುತ್ತದೆ. ಒಬ್ಬರೇ ಹೋಗಬೇಡಿ. ಆ ಊರಿನಲ್ಲಿ ಹುಟ್ಟಿದ ಹಿರಿಯರನ್ನು ಕರೆದುಕೊಂಡು ಹೋಗಿ, ಅವರು ಮುಂದೆ ನಡೆಯಲಿ. ನಮ್ಮ ಕಣ್ಣಿಗೆ ಬರೀ ಕೆಸರು ಕಾಣುವ ಜಾಗದಲ್ಲಿ ಅವರು ಕೋಲು ಊರಿ ನಿಲ್ಲುತ್ತಾರೆ, "ಇಲ್ಲಿ ನಮ್ಮ ಬಾವಿ" ಅನ್ನುತ್ತಾರೆ.