ಯುರೋಪಾದ ಜೀವಿಗೆ ಕಣ್ಣು ಬೇಕಾ?

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಖಾಲಿ ಹಾಳೆ ಕೊಟ್ಟು, "ಬೇರೆ ಗ್ರಹದ ಜೀವಿಯ ಚಿತ್ರ ಬಿಡಿಸಿ" ಅನ್ನುತ್ತೇನೆ. ಬರುವುದು ಹೆಚ್ಚುಕಡಿಮೆ ಒಂದೇ ಚಿತ್ರ: ಬೋಳು ತಲೆ, ಹಲಸಿನ ಬೀಜದಂಥ ಕಣ್ಣು, ಎರಡು ಕೈ, ಎರಡು ಕಾಲು. ಹಸಿರು ಬಣ್ಣ ಬಳಿದ ಮನುಷ್ಯ, ಅಷ್ಟೇ.

ತಪ್ಪು ಅನ್ನುವುದಿಲ್ಲ. ಇವನ ಊರು ಯಾವುದು ಅಂತ ಕೇಳುತ್ತೇನೆ. ಅಲ್ಲಿ ಬೆಳಕುಂಟಾ? ಊಟಕ್ಕೇನು?

ಗುರುಗ್ರಹದ ಚಂದ್ರ ಯುರೋಪಾವನ್ನೇ ನೋಡಿ. ಮೇಲೆ ಕಿಲೋಮೀಟರುಗಟ್ಟಲೆ ಮಂಜುಗಡ್ಡೆ, ಅದರಡಿ ಉಪ್ಪುನೀರಿನ ಸಮುದ್ರ ಇರಬೇಕೆಂದು ವಿಜ್ಞಾನಿಗಳ ಲೆಕ್ಕ. 2024ರಲ್ಲಿ ನಾಸಾ ಕಳಿಸಿದ ಯುರೋಪಾ ಕ್ಲಿಪ್ಪರ್ 2030ರಲ್ಲಿ ಗುರುವಿನ ಬಳಿ ತಲುಪಬೇಕು. ಅದೂ ಜೀವಿಗಳನ್ನು ಹುಡುಕಲು ಹೊರಟಿಲ್ಲ, ಜಾಗ ಬದುಕಲು ಲಾಯಕ್ಕಾ ಅಂತ ನೋಡಲು ಹೊರಟಿದೆ.

ಆ ಸಮುದ್ರಕ್ಕೆ ಬಿಸಿಲು ಇಳಿಯುವುದಿಲ್ಲ. ಬಿಸಿಲಿಲ್ಲದ ಕಡೆ ಬದುಕು ಹೇಗೆ? 1977ರಲ್ಲಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಪೆಸಿಫಿಕ್ ಸಾಗರದ ಗಲಾಪಗೊಸ್ ದ್ವೀಪಗಳ ಬಳಿ ಸುಮಾರು ಎರಡೂವರೆ ಕಿಲೋಮೀಟರ್ ಆಳಕ್ಕೆ ಇಳಿಯಿತು. ಬಿಸಿನೀರು ಉಕ್ಕುವ ಬಿರುಕುಗಳ ಸುತ್ತ ಕೆಂಪು ತುದಿಯ ಕೊಳವೆ ಹುಳುಗಳು ತೋಟದಂತೆ ನಿಂತಿದ್ದವು. ಈ ಜಾತಿ ಆಳೆತ್ತರಕ್ಕೂ ಬೆಳೆಯುತ್ತದೆ. ಬೆಳೆದ ಹುಳುವಿಗೆ ಬಾಯಿಲ್ಲ, ಕರುಳಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡಿನ ಬಲದಿಂದ ಮೈಯೊಳಗಿನ ಬ್ಯಾಕ್ಟೀರಿಯಾಗಳೇ ಅಡುಗೆ ಮಾಡಿ ಬಡಿಸುತ್ತವೆ. (ಅವಕ್ಕೂ ಆಮ್ಲಜನಕ ಬೇಕು, ಅದು ಬಂದದ್ದು ಬಿಸಿಲಲ್ಲಿ ಬೆಳೆದ ಹಸಿರಿನಿಂದ. ಇದನ್ನು ಜಾಸ್ತಿ ಜನ ಮರೆಯುತ್ತಾರೆ.)

ಹಾಗಂತ ಕಣ್ಣನ್ನು ಸುಮ್ನೆ ಅಳಿಸುವ ಹಾಗೂ ಇಲ್ಲ. ಮೀನುಗಾರಿಕೆ ಧಕ್ಕೆಯಿಂದ ಬೊಂಡಾಸ್ (ಸ್ಕ್ವಿಡ್) ತಂದು ಲ್ಯಾಬಿನಲ್ಲಿ ಅದರ ಕಣ್ಣು ಕೊಯ್ದು ನೋಡುತ್ತೇವೆ. ಒಳಗಿಂದ ಗಾಜಿನ ಮಣಿಯಂಥ ಲೆನ್ಸ್ ಜಾರಿ ಬರುತ್ತದೆ. ಅದರ ವಂಶವೂ ನಮ್ಮದೂ ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿಯಾಯಿತು. ಆದರೂ ಎರಡೂ ಕಡೆ ಕ್ಯಾಮೆರಾದಂಥ ಕಣ್ಣು ತಂತಾನೇ ಮೂಡಿದೆ. ನಮ್ಮಲ್ಲಿ ನರಗಳು ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ಬೆಳಕು ಹಿಡಿಯುವ ಕೋಶಗಳ ಮುಂದಿವೆ, ಅವು ಹೊರಬೀಳುವ ಕಡೆ ಕುರುಡು ಚುಕ್ಕೆ. ಬೊಂಡಾಸಿನಲ್ಲಿ ಅವು ಹಿಂದಿವೆ. ನನ್ನ ಕೇಳಿದರೆ ಅದರದ್ದೇ ಒಳ್ಳೆ ಕೆಲಸ. ನಮ್ಮ ಆಳ ಸಮುದ್ರದಲ್ಲೂ ಎಷ್ಟೋ ಜೀವಿಗಳು ತಾವೇ ಮಿನುಗುತ್ತವೆ, ಹಾಗಾಗಿ ಆ ಕತ್ತಲಲ್ಲೂ ಕಣ್ಣಿಗೆ ಕೆಲಸ ಉಂಟು.

ಯುರೋಪಾದಲ್ಲಿ ಏನಾದರೂ ಇದ್ದರೆ ಬ್ಯಾಕ್ಟೀರಿಯಾದಂಥದ್ದೇ ಇರಬಹುದು ಅನ್ನುವುದು ನನ್ನ ಅಂದಾಜು. ಭೂಮಿಯಲ್ಲೂ ಬಹುಕಾಲ ಅಷ್ಟೇ ಇತ್ತಲ್ವಾ? ಆದರೆ ಹಾಳೆಯ ಮೇಲೆ ಚುಕ್ಕೆ ಇಟ್ಟು ಕೊಡಲು ಯಾರಿಗೂ ಮನಸ್ಸಿಲ್ಲ.

ಈ ವರ್ಷ ಒಬ್ಬ ಹುಡುಗಿ ಎರಡನೇ ಚಿತ್ರ ತಂದಳು. ಕಣ್ಣಿಲ್ಲ, ಮೈತುಂಬ ಮೀಸೆ.

"ಬಾಯಿ ಎಲ್ಲಿ?" ಅಂದೆ.

"ಬೇಕಾ ಸರ್?"