ಎಸ್‌ಎಸ್‌ಎಲ್ ಕೊಳ್ಳುವ ಮೊದಲು ನವೀಕರಣದ ದಾರಿ ನೋಡಿ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಸಂಘ-ಸಂಸ್ಥೆಗಳ ಜಾಲತಾಣಗಳು ಈಗ ಬರೇ ಪರಿಚಯದ ಪುಟಗಳಲ್ಲ. ದೇವಸ್ಥಾನದ ಸೇವಾ ರಶೀದಿ, ಶಾಲೆಯ ಪ್ರವೇಶದ ಅರ್ಜಿ, ಅಡಿಕೆ ವ್ಯಾಪಾರದ ಲೆಕ್ಕ, ಎಲ್ಲದಕ್ಕೂ ಒಂದು ಸರ್ವರ್ (ತಾಣ ನಡೆಸುವ ಕಂಪ್ಯೂಟರ್) ಬೇಕು, ಸರ್ವರಿಗೆ ತಾಣದ ಗುರುತು ಸಾಬೀತುಪಡಿಸಿ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸಲು ನೆರವಾಗುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಬೇಕು. ಇದಕ್ಕಾಗಿ ವರ್ಷವರ್ಷವೂ ಸಾವಿರಗಟ್ಟಲೆ ಕೊಡುವವರು ಈಗಲೂ ಇದ್ದಾರೆ. ಹೆಚ್ಚಿನವರು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ಸರ್ಟಿಫಿಕೇಟಿನಲ್ಲಿ ಮೂರು ದರ್ಜೆ ಉಂಟು. ಡಿವಿಯಲ್ಲಿ (ಡೊಮೇನ್ ಪರಿಶೀಲನೆ) ಡೊಮೇನ್, ಅಂದರೆ ತಾಣದ ಹೆಸರು, ನಿಮ್ಮ ಕೈಯಲ್ಲಿದೆಯೇ ಎಂದಷ್ಟೇ ಪರೀಕ್ಷೆ. ಒವಿ (ಸಂಸ್ಥೆಯ ಪರಿಶೀಲನೆ), ಇವಿ (ವಿಸ್ತೃತ ಪರಿಶೀಲನೆ) ಇವೆರಡರಲ್ಲಿ ಸಂಸ್ಥೆಯ ನೋಂದಣಿ ದಾಖಲೆಯನ್ನೂ ನೋಡುತ್ತಾರೆ. ಗೂಢಲಿಪೀಕರಣದ ಬಲ ಮೂರರಲ್ಲೂ ಒಂದೇ. ಇವಿ ಇದ್ದರೆ ಬ್ರೌಸರಿನ ವಿಳಾಸದ ಸಾಲಿನಲ್ಲಿ ಸಂಸ್ಥೆಯ ಹೆಸರು ಕಾಣುತ್ತಿದ್ದುದನ್ನು ಕ್ರೋಮ್ 2019ರಲ್ಲಿ ತೆಗೆದುಹಾಕಿತು. ಬೀಗದ ಚಿಹ್ನೆಯೂ 2023ರಲ್ಲಿ ಹೋಯಿತು. ಹಾಗಾಗಿ ದುಬಾರಿ ಸರ್ಟಿಫಿಕೇಟ್ ಹಾಕಿದ್ದೀರಿ ಎಂಬುದು ನಿಮ್ಮ ತಾಣಕ್ಕೆ ಬರುವ ಭಕ್ತರಿಗಾಗಲಿ ಪೋಷಕರಿಗಾಗಲಿ ಗೊತ್ತೇ ಆಗುವುದಿಲ್ಲ.

ದರಕ್ಕಿಂತ ದೊಡ್ಡ ವಿಷಯ ಅವಧಿ. 2026ರ ಮಾರ್ಚ್ 15ರಿಂದ ಹೊಸ ಸರ್ಟಿಫಿಕೇಟಿನ ಗರಿಷ್ಠ ಆಯುಷ್ಯ 200 ದಿನ, 2027ರ ಅದೇ ದಿನದಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಇದು ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರಗಳೂ ಕೂಡಿ 2025ರಲ್ಲಿ ಒಪ್ಪಿದ ನಿಯಮ. ಯಾರಾದರೂ ‘ಐದು ವರ್ಷದ ಎಸ್‌ಎಸ್‌ಎಲ್’ ಮಾರಿದರೆ, ಐದು ವರ್ಷದ ಹಣ ಮುಂಗಡ ಕೊಟ್ಟಂತೆ ಅಷ್ಟೆ. ಸರ್ಟಿಫಿಕೇಟ್ ಫೈಲನ್ನು ನಡುನಡುವೆ ಬದಲಿಸುತ್ತಲೇ ಇರಬೇಕು. ಕೈಯಲ್ಲಿ ಮಾಡುವ ಕೆಲಸ ಒಂದು ಸಲ ಮರೆತರೆ ತಾಣ ತೆರೆದವರಿಗೆ ಎಚ್ಚರಿಕೆಯ ಪುಟ ಕಾಣುತ್ತದೆ. ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದ್ದು: ‘ಆಕ್ಮೆ ಮೂಲಕ ತಾನಾಗಿ ನವೀಕರಣ ಆಗುತ್ತದೆಯೇ?’ (ಆಕ್ಮೆ ಎಂದರೆ ಸರ್ಟಿಫಿಕೇಟನ್ನು ತಾನಾಗಿ ಪಡೆದು ನವೀಕರಿಸುವ ವಿಧಾನ.) ಇಲ್ಲವೆಂದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಸಾಮಾನ್ಯ ತಾಣಕ್ಕೆ ನಮ್ಮ ಮೊದಲ ಆಯ್ಕೆಯ ಪ್ರಾಧಿಕಾರ ಲೆಟ್ಸ್ ಎನ್‌ಕ್ರಿಪ್ಟ್. ಉಚಿತ, ಸಾಮಾನ್ಯವಾಗಿ 90 ದಿನದ ಸರ್ಟಿಫಿಕೇಟ್. ಗೂಗಲ್ ಟ್ರಸ್ಟ್ ಸರ್ವಿಸಸ್, ಜೀರೋಎಸ್‌ಎಸ್‌ಎಲ್ ಕೂಡ ಆಕ್ಮೆಯಲ್ಲಿ ಉಚಿತವಾಗಿ ಕೊಡುತ್ತವೆ. ಖಾತೆ ತೆರೆದು ಒಂದು ಕೀ (ಖಾತೆಯ ಗುರುತಿನ ಸಂಕೇತ) ಪಡೆಯಬೇಕು, ಅಷ್ಟೇ ಹೆಚ್ಚುವರಿ ಕೆಲಸ. ಇವುಗಳಲ್ಲಿ ಒಂದನ್ನು ಎರಡನೆಯ ದಾರಿಯಾಗಿ ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು.

ಈಗ ತೊಂದರೆಗಳು. ಉಬುಂಟು ಸರ್ವರಿನಲ್ಲಿ ಎನ್‌ಜಿನ್ಎಕ್ಸ್ (ಪುಟಗಳನ್ನು ಒದಗಿಸುವ ತಂತ್ರಾಂಶ) ಇದ್ದರೆ ಸರ್ಟ್‌ಬಾಟ್ ಎಂಬ ಆಕ್ಮೆ ತಂತ್ರಾಂಶ ಹಾಕಿ ಸರ್ಟಿಫಿಕೇಟ್ ಪಡೆಯುವುದು ಹತ್ತು ನಿಮಿಷದ ಕೆಲಸ. ಕೆಡುವುದು ಹೆಚ್ಚಾಗಿ ಡೊಮೇನ್ ನಿಮ್ಮದೇ ಎಂಬ ಪರಿಶೀಲನೆಯ ಹಂತದಲ್ಲಿ. ಅದಕ್ಕೆ ಸಾಮಾನ್ಯವಾಗಿ 80ನೇ ಪೋರ್ಟ್ (ಗೂಢಲಿಪಿ ಇಲ್ಲದ ಎಚ್‌ಟಿಟಿಪಿ ಸಂಪರ್ಕದ ಬಾಗಿಲು) ತೆರೆದಿರಬೇಕು; ‘ಎಚ್‌ಟಿಟಿಪಿಎಸ್ ಬಂದಮೇಲೆ 80 ಯಾಕೆ’ ಎಂದು ಮುಚ್ಚಿದವರ ನವೀಕರಣ ನಿಲ್ಲುತ್ತದೆ. ಸುರಕ್ಷತೆಗೆಂದು ಭಾರತದ ಹೊರಗಿನ ಐಪಿಗಳನ್ನು (ಅಂತರ್ಜಾಲದಲ್ಲಿ ಕಂಪ್ಯೂಟರಿನ ಸಂಖ್ಯಾ ವಿಳಾಸ) ಫೈರ್‌ವಾಲಿನಲ್ಲಿ ತಡೆದರೂ ಅದೇ ಗತಿ, ಏಕೆಂದರೆ ಲೆಟ್ಸ್ ಎನ್‌ಕ್ರಿಪ್ಟ್ ಬೇರೆಬೇರೆ ದೇಶಗಳಿಂದ ಪರಿಶೀಲಿಸುತ್ತದೆ. ಡಿಎನ್ಎಸ್‌ನಲ್ಲಿ (ತಾಣದ ಹೆಸರಿಗೆ ಐಪಿ ಯಾವುದೆಂದು ಹೇಳುವ ವ್ಯವಸ್ಥೆ) ಹಳೆಯ ಹೋಸ್ಟಿಂಗಿನ ಐಪಿವಿ6 (ಹೊಸ ಮಾದರಿಯ ಐಪಿ) ದಾಖಲೆ ಉಳಿದಿದ್ದರೆ ಪರಿಶೀಲಕ ಮೊದಲು ಅಲ್ಲಿಗೇ ಹೋಗಿ ತಪ್ಪು ಉತ್ತರ ತರುತ್ತದೆ. ನಿಮ್ಮ ಬ್ರೌಸರಿನಲ್ಲಿ ಮಾತ್ರ ತಾಣ ಸರಿಯಾಗಿಯೇ ಕಾಣುತ್ತಿರುತ್ತದೆ. ಬಹಳ ಹೊತ್ತು ತಿನ್ನುವ ತಪ್ಪು ಇದು. ಯಾವ ಪ್ರಾಧಿಕಾರ ಸರ್ಟಿಫಿಕೇಟ್ ಕೊಡಬಹುದೆಂದು ಡಿಎನ್ಎಸ್‌ನಲ್ಲಿ ಹೇಳುವ ಸಿಎಎ ದಾಖಲೆಯಲ್ಲಿ ಬೇರೆ ಪ್ರಾಧಿಕಾರದ ಹೆಸರಷ್ಟೇ ಇದ್ದರೂ ಸರ್ಟಿಫಿಕೇಟ್ ಸಿಗದು.

ಕಚೇರಿಯ ಬ್ರಾಡ್‌ಬ್ಯಾಂಡಿನಲ್ಲೇ ಸರ್ವರ್ ಇಟ್ಟವರಿಗೆ ಇನ್ನೊಂದು ತೊಡಕು. ಸ್ವಂತ ಸಾರ್ವಜನಿಕ ಐಪಿ ಇಲ್ಲದೆ ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚಿದ್ದರೆ ಹೊರಗಿನಿಂದ 80ನೇ ಪೋರ್ಟಿಗೆ ತಲಪಲು ಸಾಧ್ಯವೇ ಇಲ್ಲ. ಆಗ ಡಿಎನ್ಎಸ್‌ನಲ್ಲಿ ಒಂದು ಟೆಕ್ಸ್ಟ್ ದಾಖಲೆ ಹಾಕಿ ಸಾಬೀತು ಮಾಡುವ ವಿಧಾನವೇ ದಾರಿ. ಎಪಿಐ (ತಂತ್ರಾಂಶವೇ ದಾಖಲೆ ಬದಲಿಸುವ ದಾರಿ) ಕೊಡುವ ಡಿಎನ್ಎಸ್ ಸೇವೆ ಆರಿಸಿದರೆ ಇದೂ ತಾನಾಗಿ ನಡೆಯುತ್ತದೆ.

ಕಾರಣ ಹುಡುಕದೆ ಮತ್ತೆಮತ್ತೆ ಪ್ರಯತ್ನಿಸಬೇಡಿ. ಒಂದು ಹೆಸರಿಗೆ ಗಂಟೆಗೆ 5 ವಿಫಲ ಪರಿಶೀಲನೆಗಳಾದರೆ ಲೆಟ್ಸ್ ಎನ್‌ಕ್ರಿಪ್ಟ್ ತಡೆಯುತ್ತದೆ. ಅದೇ ಹೆಸರುಗಳ ಗುಂಪಿಗೆ 7 ದಿನಕ್ಕೆ 5 ಸರ್ಟಿಫಿಕೇಟ್ ಮಾತ್ರ. ಸರ್ಟ್‌ಬಾಟಿನ ‘ಡ್ರೈ ರನ್’ (ಪೂರ್ವಪರೀಕ್ಷೆ) ಪರೀಕ್ಷಾ ಸರ್ವರಿಗೆ ಹೋಗುವುದರಿಂದ ಈ ಮಿತಿಗೆ ಸೇರದು.

ಸರ್ಟಿಫಿಕೇಟ್ ಸಿಕ್ಕಿದ ಮೇಲೂ ಎರಡು ಕಡೆ ಎಡವುತ್ತಾರೆ. ಸಂರಚನೆಯಲ್ಲಿ ‘ಫುಲ್‌ಚೈನ್’ ಫೈಲಿನ ಬದಲು ಬರೇ ‘ಸರ್ಟ್’ ಫೈಲ್ ಕೊಟ್ಟರೆ ನಡುವಿನ ಸರ್ಟಿಫಿಕೇಟ್ (ನಿಮ್ಮದನ್ನು ಪ್ರಾಧಿಕಾರಕ್ಕೆ ಜೋಡಿಸುವ ಕೊಂಡಿ) ಹೋಗುವುದಿಲ್ಲ: ಕಂಪ್ಯೂಟರಿನ ಬ್ರೌಸರ್ ಹೇಗೋ ತೆರೆಯುತ್ತದೆ, ಮೊಬೈಲ್ ಆ್ಯಪ್ ಕೈಕೊಡುತ್ತದೆ. ಇನ್ನೊಂದು, ಡಿಸ್ಕಿನಲ್ಲಿ ಹೊಸ ಫೈಲ್ ಬಂದರೂ ಎನ್‌ಜಿನ್ಎಕ್ಸ್ ರೀಲೋಡ್ ಆಗುವವರೆಗೆ ಹಳೆಯದನ್ನೇ ಕೊಡುತ್ತಿರುತ್ತದೆ. ನವೀಕರಣ ಆದಮೇಲೆ ಸರ್ಟ್‌ಬಾಟ್ ನಡೆಸುವ ‘ಡಿಪ್ಲಾಯ್ ಹುಕ್’ನಲ್ಲಿ ರೀಲೋಡ್ ಆದೇಶ ಬರೆದಿಡಿ.

ನಮ್ಮಲ್ಲಿ ಕನ್ನಡ, ಮಲಯಾಳ ಪುಟಗಳಿಗೆ ಬೇರೆಬೇರೆ ಉಪಡೊಮೇನ್ ಇಡುವವರಿದ್ದಾರೆ. ಇಂಥ ಮೂರು-ನಾಲ್ಕು ಹೆಸರಿಗೆ, ಎಲ್ಲ ಉಪಡೊಮೇನಿಗೂ ಒಟ್ಟಾಗಿ ಸಲ್ಲುವ ವೈಲ್ಡ್‌ಕಾರ್ಡ್ ಕೊಳ್ಳುವುದು ದಂಡ. ಒಂದೇ ಉಚಿತ ಸರ್ಟಿಫಿಕೇಟಿನಲ್ಲಿ 100 ಹೆಸರುಗಳವರೆಗೆ ಸೇರಿಸಬಹುದು. ವೈಲ್ಡ್‌ಕಾರ್ಡ್ ಒಂದೇ ಹಂತದ ಉಪಡೊಮೇನಿಗೆ ಅನ್ವಯ, ಮೂಲ ಡೊಮೇನನ್ನು ಬೇರೆಯಾಗಿ ಸೇರಿಸಲೇಬೇಕು. ಕನ್ನಡ ಲಿಪಿಯ ‘.ಭಾರತ’ ಡೊಮೇನ್ ಇದ್ದವರು ಅರ್ಜಿಯಲ್ಲಿ ಕನ್ನಡ ಅಕ್ಷರದ ಬದಲು ಅದರ ಪ್ಯೂನಿಕೋಡ್ (ಇಂಗ್ಲಿಷ್ ಅಕ್ಷರ-ಅಂಕಿಗಳ) ರೂಪ ಕೊಡಬೇಕು.

ಹಣ ಕೊಡಬೇಕಾದ ಸಂದರ್ಭ ಇಲ್ಲವೆಂದಲ್ಲ. ಟೆಂಡರ್ ಅಥವಾ ಲೆಕ್ಕಪರಿಶೋಧಕರು ಒವಿಯನ್ನೇ ಕೇಳಿದರೆ, ಇಲ್ಲವೇ ಫೋನ್ ಮಾಡಿದರೆ ಸಹಾಯಕ್ಕೆ ಒಬ್ಬರು ಬೇಕೇಬೇಕೆಂದಿದ್ದರೆ ಕೊಳ್ಳಿ. ಆಗ ಮೂಲ ಪ್ರಾಧಿಕಾರ ಯಾವುದೆಂದು ಕೇಳಿ. ಅಗ್ಗದ ಮಾರಾಟಗಾರರು ಬಹುತೇಕ ಮರುಮಾರಾಟಗಾರರು. ಎಂಟ್ರಸ್ಟ್‌ನಂಥ ಹಳೆಯ ಸಂಸ್ಥೆಯ ಹೊಸ ಸರ್ಟಿಫಿಕೇಟುಗಳನ್ನೇ ಕ್ರೋಮ್ 2024ರ ನವೆಂಬರಿನಿಂದ ನಂಬುವುದನ್ನು ನಿಲ್ಲಿಸಿತು. ಹೇಳಿದ ದರಕ್ಕೆ 18% ಜಿಎಸ್‌ಟಿ ಸೇರಿದೆಯೇ, ಮರುವಿತರಣೆ (ಅವಧಿಯೊಳಗೆ ಸರ್ಟಿಫಿಕೇಟನ್ನು ಮತ್ತೆ ಹೊಸದಾಗಿ ಕೊಡುವುದು) ಉಚಿತವೇ, ಎರಡನೆಯ ವರ್ಷದ ದರವೆಷ್ಟು ಎಂದೂ ಕೇಳಿ. ಖಾಸಗಿ ಕೀಯನ್ನು (ಸರ್ಟಿಫಿಕೇಟಿನ ಗುಪ್ತ ಜೋಡಿ) ನಿಮ್ಮ ಸರ್ವರಿನಲ್ಲೇ ತಯಾರಿಸಿ, ಅವರಿಗೆ ಸಿಎಸ್‌ಆರ್ (ಸರ್ಟಿಫಿಕೇಟ್ ಕೋರುವ ಅರ್ಜಿ ಫೈಲ್) ಮಾತ್ರ ಕಳುಹಿಸಿ. ಕೀ ಮೇಲ್‌ನಲ್ಲಿ ಕಳುಹಿಸುತ್ತೇವೆನ್ನುವವರ ಹತ್ತಿರ ವ್ಯವಹಾರ ಬೇಡ.

ಇ-ಟೆಂಡರಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಕಚೇರಿಯಲ್ಲಿ ಉಂಟಲ್ಲ, ಅದನ್ನೇ ಹಾಕಬಾರದೇ ಎಂಬ ಪ್ರಶ್ನೆಯೂ ಬರುತ್ತದೆ. ಆಗದು. ಅದು ವ್ಯಕ್ತಿಯ ಸಹಿಗೆ, ಸರ್ವರಿಗಲ್ಲ.

ಲೆಟ್ಸ್ ಎನ್‌ಕ್ರಿಪ್ಟ್ ಅವಧಿ ಮುಗಿಯುವ ಎಚ್ಚರಿಕೆಯ ಮೇಲ್ ಕಳುಹಿಸುವುದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಹೊರಗಿನ ನಿಗಾ ಸೇವೆಯೊಂದರಲ್ಲಿ ಡೊಮೇನ್ ಸೇರಿಸಿ, 20 ದಿನ ಉಳಿದಾಗ ಸುದ್ದಿ ಬರುವಂತೆ ಮಾಡಿಡಿ. ಸರ್ಟ್‌ಬಾಟ್ 90 ದಿನದ ಸರ್ಟಿಫಿಕೇಟನ್ನು 30 ದಿನ ಇರುವಾಗಲೇ ನವೀಕರಿಸುತ್ತದೆ. ಆದ್ದರಿಂದ ಆ ಸುದ್ದಿ ಬಂದರೆ ನವೀಕರಣ ಹತ್ತು ದಿನದಿಂದ ಸೋಲುತ್ತಿದೆ ಎಂದರ್ಥ. ಸರಿಪಡಿಸಲು ಇನ್ನೂ 20 ದಿನ ಕೈಯಲ್ಲಿರುತ್ತದೆ.