ನೀಲಿ ಪಂಪ್ ಬೇಗ ಖಾಲಿಯಾಗ್ತಿದೆಯಾ?

ಅಸ್ತಮಾ ಇರುವವರು ಬಂದರೆ ನಾನು ಮೊದಲು ಕೇಳುವುದು, "ನೀಲಿ ಪಂಪ್ ಎಷ್ಟು ದಿನಕ್ಕೆ ಮುಗಿಯುತ್ತೆ?" ಸ್ಟೆತಸ್ಕೋಪ್ ಕೈಗೆ ತೆಗೆದುಕೊಳ್ಳುವುದು ಆಮೇಲೆ. ನೀಲಿ ಪಂಪ್ ಅಂದರೆ ಸಾಮಾನ್ಯವಾಗಿ ಸಾಲ್ಬುಟಮಾಲ್ ಅನ್ನುವ ಔಷಧಿಯ ಇನ್ಹೇಲರ್. (ಬಣ್ಣ ಕಂಪನಿಗೊಂದು ಥರ ಇರಬಹುದು, ಮೇಲಿರುವ ಹೆಸರು ಓದಿಕೊಳ್ಳಿ.) ಒಂದು ಡಬ್ಬಿಯಲ್ಲಿ ಸುಮಾರು 200 ಪಫ್ ಇರುತ್ತವೆ. ವರ್ಷಕ್ಕೆ 3 ಡಬ್ಬಿ ಅಥವಾ ಅದಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಅಸ್ತಮಾ ಹಿಡಿತದಲ್ಲಿಲ್ಲ. ತಿಂಗಳಿಗೊಂದು ಖಾಲಿಯಾಗುತ್ತಿದ್ದರೆ ಜೀವಕ್ಕೇ ಅಪಾಯ.

ಔಷಧಿ ತಪ್ಪದೆ ತಗೊಂಡರೂ ಅಪಾಯ ಹೇಗೆ ಅಂತ ಅನಿಸಬಹುದು. ಅಸ್ತಮಾದಲ್ಲಿ ಎರಡು ತೊಂದರೆ ಒಟ್ಟಿಗೇ ಇರುತ್ತವೆ. ಉಸಿರುಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಗಡೆ ಊತ ಬಂದು ಕಫ ತುಂಬಿಕೊಳ್ಳುತ್ತದೆ. ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಕೆಲವೇ ನಿಮಿಷದಲ್ಲಿ ಎದೆ ಹಗುರಾಗಿ, ಆ ಆರಾಮ 4ರಿಂದ 6 ಗಂಟೆ ಉಳಿಯುತ್ತದೆ. ಊತಕ್ಕೆ ಅದರಿಂದ ಏನೂ ಆಗುವುದಿಲ್ಲ. ಅದು ಒಳಗೊಳಗೇ ಜೋರಾಗುತ್ತಾ ಹೋಗುತ್ತದೆ, ಹೊರಗೆ ಮಾತ್ರ ಎಲ್ಲ ಸರಿಯಿದ್ದಂತೆ ಕಾಣುತ್ತದೆ.

ಊತ ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಆದರೆ ಅದು ನಿಧಾನ. ಗುಣ ಕಾಣೋಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. "ಅದನ್ನ ಎಳ್ಕೊಂಡ್ರೆ ಏನೂ ಗೊತ್ತೇ ಆಗಲ್ಲ ಡಾಕ್ಟ್ರೇ, ಸುಮ್ನೆ ಯಾಕೆ ಅಂತ ಬಿಟ್ಟೆ" ಅನ್ನುವವರು ಬಹಳ. ಬಿಟ್ಟ ಮರುದಿನವೂ ಏನೂ ಗೊತ್ತಾಗುವುದಿಲ್ಲ ನೋಡಿ, ಅದೇ ತೊಂದರೆ.

ಇನ್ನು ಕೆಲವರಿಗೆ ಸ್ಟೀರಾಯ್ಡ್ ಅನ್ನುವ ಹೆಸರೇ ಭಯ. ಅವರಿಗೆ ನಾನು ಲೆಕ್ಕ ತೋರಿಸುತ್ತೇನೆ. ಇನ್ಹೇಲರಿನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಇರುತ್ತದೆ. ಉಬ್ಬಸ ಕೈಮೀರಿದಾಗ ದೊಡ್ಡವರಿಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂನಷ್ಟಾಗುತ್ತದೆ, ಅದೂ ಇಡೀ ಮೈಗೆ ಹರಡುತ್ತದೆ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಇನ್ಹೇಲರ್‌ಗೆ ಹೆದರಿ ಬಿಟ್ಟವರೇ ಕೊನೆಗೆ ಈ ಮಾತ್ರೆ ನುಂಗಬೇಕಾಗಿ ಬರುತ್ತದೆ. ಇನ್ಹೇಲರಿನಿಂದ ಗಂಟಲು ಒಡೆಯಬಹುದು, ಬಾಯಲ್ಲಿ ಬಿಳಿ ಅಗ್ರ ಬರಬಹುದು. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ಬಹಳ ಮಟ್ಟಿಗೆ ತಪ್ಪುತ್ತದೆ.

ಅಸ್ತಮಾಕ್ಕೆ ಜಾಗತಿಕ ಮಾರ್ಗಸೂಚಿ ಕೊಡುವ ಗಿನಾ ಸಂಸ್ಥೆ 2019ರಲ್ಲಿ ದೊಡ್ಡ ಬದಲಾವಣೆ ತಂದಿತು. ದೊಡ್ಡವರಿಗೆ, ಹದಿಹರೆಯದವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡ, ಜೊತೆಗೆ ಸ್ಟೀರಾಯ್ಡ್ ಇರಲೇಬೇಕು ಎಂದಿತು. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿರುವ ಇನ್ಹೇಲರ್ ಇಲ್ಲಿ ತುಂಬಾ ಅನುಕೂಲ. ಫಾರ್ಮೊಟೆರಾಲ್ ನಿಮಿಷಗಳಲ್ಲೇ ಕೆಲಸ ಶುರುಮಾಡಿ ಸುಮಾರು 12 ಗಂಟೆ ಉಳಿಯುತ್ತದೆ. ಆರಾಮಕ್ಕೆಂದು ಎಳೆದುಕೊಂಡಾಗಲೆಲ್ಲ ಊತದ ಔಷಧಿಯೂ ತಾನಾಗಿ ಒಳಗೆ ಹೋಗುತ್ತದೆ. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಆದ ಒಳ್ಳೆಯ ಬದಲಾವಣೆ ಇದೇ.

ಔಷಧಿ ಬದಲಿಸುವ ಮುಂಚೆ "ನನ್ನೆದುರು ಒಂದು ಸಲ ಎಳೆದುಕೊಳ್ಳಿ" ಅನ್ನುತ್ತೇನೆ. ಬಹಳಷ್ಟು ಸಲ ಅಲ್ಲೇ ಗುಟ್ಟು ಗೊತ್ತಾಗುತ್ತದೆ. ಡಬ್ಬಿ ಒತ್ತಿದ ಕೂಡಲೇ ತುಟಿಯ ಅಂಚಿನಿಂದ, ಮೂಗಿನಿಂದ ಬಿಳಿ ಹೊಗೆಯ ಹಾಗೆ ಆಚೆ ಬರುತ್ತದೆ. ಹಾಗೆ ಬಂದದ್ದೆಲ್ಲ ಔಷಧಿಯೇ. ಒತ್ತುವ ಪಂಪ್ ಆದರೆ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಒತ್ತುತ್ತಾ ನಿಧಾನಕ್ಕೆ ಎಳೆದುಕೊಂಡು, 10 ಸೆಕೆಂಡ್ ಉಸಿರು ಹಿಡಿಯಬೇಕು. ಪುಡಿಯ ಇನ್ಹೇಲರ್ ಇದಕ್ಕೆ ಪೂರ್ತಿ ಉಲ್ಟಾ: ಅಲ್ಲಿ ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಗೆ ಊದಿದರೆ ಪುಡಿ ಒದ್ದೆಯಾಗಿ ಕೆಡುತ್ತದೆ. ಪಂಪ್‌ಗೆ ಸ್ಪೇಸರ್ (ಪಂಪ್‌ನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿಕೊಂಡರೆ ಕೆಲಸ ಎಷ್ಟೋ ಸಲೀಸು, ಅದು ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ.

ಹೆಚ್ಚಾಗಿ ಧೂಮಪಾನದಿಂದ ಬರುವ ಸಿಒಪಿಡಿ (ಉಸಿರುಕೊಳವೆ ಕಾಯಮ್ಮಾಗಿ ಕಿರಿದಾಗುವ ಶ್ವಾಸಕೋಶದ ತೊಂದರೆ) ಬೇರೆ ಕಾಯಿಲೆ. ಅಲ್ಲಿ ದಿನಕ್ಕೊಮ್ಮೆ ಎಳೆಯುವ ಟಿಯೊಟ್ರೋಪಿಯಂನಂಥ, ಕೊಳವೆ ಹಿಗ್ಗಿಸುವ ಔಷಧಿಗಳೇ ಮುಖ್ಯ. ಸ್ಟೀರಾಯ್ಡ್ ಎಲ್ಲರಿಗೂ ಬೇಕಿಲ್ಲ. ಹಾಗಾಗಿ ಮನೆಯಲ್ಲಿ ಒಬ್ಬರ ಇನ್ಹೇಲರ್ ಇನ್ನೊಬ್ಬರು ಬಳಸಬೇಡಿ.

ಅಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ಶುರುಮಾಡಿದ ಮೇಲೆ ಮಗುವಿಗೆ ಕೆಟ್ಟ ಕನಸು ಬೀಳುವುದು, ಸಿಡುಕು, ಮಂಕು ಕಂಡರೆ ತಕ್ಷಣ ಡಾಕ್ಟರಿಗೆ ಹೇಳಿ. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಪಂಪ್ ಹೊಡೆದರೂ ಉಸಿರು ಸಿಗದೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಇನ್ನೊಂದು, ಅಸ್ತಮಾ ಇದೆ ಅಂತ ಕಣ್ಣಿನ ಡಾಕ್ಟರಿಗೂ ಹೇಳಿ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ ಕಣ್ಣಿಗೆ ಬಿದ್ದರೂ ರಕ್ತಕ್ಕೆ ಸೇರಿ ಉಸಿರುಕೊಳವೆ ಬಿಗಿಯಬಲ್ಲದು. ತಲೆನೋವು ತಡೆಯಲು ಕೊಡುವ ಪ್ರೊಪ್ರನೊಲಾಲ್ ಮಾತ್ರೆಯದೂ ಅದೇ ಕಥೆ.